ಚೀನೀ ತೋಟದಲ್ಲಿ ಸಿಕ್ಕ ಉಡಿ

ಅಕ್ಟೋಬರ್ 12, ಶನಿವಾರ. ಮಧ್ಯಾಹ್ನ 1.25ಕ್ಕೆ ನ್ಯೂಯಾರ್ಕಿನ ಫ್ಲಶಿಂಗ್ ಪೊಲೀಸ್ ಠಾಣೆಗೆ ದೂರು ಬಂತು. ಐದು ವರ್ಷದ ಹುಡುಗಿ ಕಾಣೆ. ಸ್ಥಳ, ಮೇನ್ ಸ್ಟ್ರೀಟ್‌ನಿಂದ ಮೂರು ಬೀದಿ ಆಚೆಗಿರುವ ಹಳೆಯ ಚೀನೀ ಉದ್ಯಾನ. ಕರೆ ಮಾಡಿದ ರಂಜನಿ ಅಳುತ್ತಲೇ ಮೂರು ಸಂಗತಿ ಹೇಳಿದಳು. ಮಗು ತನ್ನದಲ್ಲ, ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಪಕ್ಕದ ಮನೆಯವರದು, ಕನ್ನಡ ಸಂಘದ ಬಸ್ ಪ್ರವಾಸಕ್ಕೆ ತಾನು ಕರೆತಂದದ್ದು. ಹೆಸರು ತನ್ವಿ, ತೊಟ್ಟಿದ್ದು ಕೆಂಪು ಫ್ರಾಕು. ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಒಂದು ಕಾಳು ಒಳಗೆ ಹೋದರೂ ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ. ಆಗ ತೊಡೆಗೆ ಚುಚ್ಚಬೇಕಾದ ಔಷಧದ ಪೆನ್ನು ಬಸ್ಸಿನಲ್ಲಿ, ರಂಜನಿಯ ಬ್ಯಾಗಿನಲ್ಲೇ ಉಳಿದಿತ್ತು.

1.40ಕ್ಕೆ ಡಿಟೆಕ್ಟಿವ್ ಅಮರೇಶ್ವರ ತೋಟದ ಬಾಗಿಲಲ್ಲಿದ್ದ. ರಾಯಚೂರಿನಿಂದ ಒಂಬತ್ತನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಬಂದು ನಗರದ ಇದೇ ಕ್ವೀನ್ಸ್ ಭಾಗದಲ್ಲಿ ಬೆಳೆದವನು. ಜೊತೆಗೆ ಸಮವಸ್ತ್ರದಲ್ಲಿದ್ದ ಆಫೀಸರ್ ಲಿನ್. ಆಕೆ ಇದೇ ಬೀದಿಯಲ್ಲಿ ಹುಟ್ಟಿದವಳು, ತೋಟದ ಕಾವಲುಗಾರನೊಡನೆ ಚೀನೀ ಭಾಷೆಯಲ್ಲೇ ಮಾತಾಡುತ್ತಿದ್ದಳು.

ಗೋಡೆಯಾಚೆ ಬಸ್ಸು, ರೈಲು, ಮೀನಿನಂಗಡಿಯ ಕೂಗು. ಗೋಡೆಯೊಳಗೆ ನೀರಿನ ಸದ್ದು ಮಾತ್ರ. ಚೀನಾದ ಸೂಝೌದಿಂದ ಬಂದ ಕುಶಲಕರ್ಮಿಗಳು ಕಟ್ಟಿದ ತೋಟವದು. ಒಂದೆಕರೆ ಜಾಗ ಹತ್ತೆಕರೆಯಂತೆ ಕಾಣಬೇಕೆಂದು ದಾರಿಯನ್ನು ಬೇಕೆಂದೇ ಸೊಟ್ಟಗೆ ಹಾಕಿದ್ದರು. ಓಣಿಯ ನಡುವೆ ಗೋಡೆ, ಗೋಡೆಯಲ್ಲಿ ಜಾಲರಿ ಕಿಟಕಿ, ಒಂದರ ಚಿತ್ತಾರ ಇನ್ನೊಂದಕ್ಕಿಲ್ಲ. ಒಂದು ಕಿಟಕಿಯಲ್ಲಿ ಲಿನ್‌ಗೆ ಕೆಂಪು ಫ್ರಾಕು ಕಂಡಿತು. ಸುತ್ತಿ ಹೋಗಿ ನೋಡಿದರೆ ಬೇರೆ ಯಾರದೋ ಮಗು, ಮೀನಿಗೆ ಬ್ರೆಡ್ಡು ಎಸೆಯುತ್ತಿತ್ತು. ತೋಟ ಕಟ್ಟಿದವರು ಜಾಣರೇ ಸರಿ, ಆದರೆ ಮಗು ಕಳೆದುಕೊಂಡವರ ಕಷ್ಟ ಅವರಿಗೆ ಹೊಳೆದಿರಲಿಲ್ಲ. ಕೊಳದಲ್ಲಿ ಸೊಂಟದ ಮಟ್ಟಕ್ಕೆ ನೀರಿತ್ತು. ಅಮರೇಶ್ವರ ಮೊದಲು ಅಲ್ಲಿಗೇ ಇಬ್ಬರು ಪೊಲೀಸರನ್ನು ಇಳಿಸಿದ, ಅವರು ಏನೂ ಇಲ್ಲ ಎನ್ನುವ ತನಕ ದಂಡೆ ಬಿಟ್ಟು ಕದಲಲಿಲ್ಲ.

1.55ಕ್ಕೆ ಬಾಗಿಲ ಕ್ಯಾಮೆರಾದ ಚಿತ್ರ ಸಿಕ್ಕಿತು. 12.08ಕ್ಕೆ ತನ್ವಿ ಹೊರಗೆ ಹೋಗಿದ್ದಳು, ಸಾಸಿವೆ ಬಣ್ಣದ ಸೀರೆಯುಟ್ಟ ಹೆಂಗಸಿನ ಕೈ ಹಿಡಿದುಕೊಂಡು, ಕುಣಿಯುತ್ತಾ. ಚಿತ್ರ ನೋಡಿ ಕನ್ನಡ ಸಂಘದ ಮೂವತ್ತೆರಡು ಜನವೂ ಆಕೆಯನ್ನು ಗುರುತಿಸಿದರು. ಆಕೆ ಯಾರೆಂದು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಹುಬ್ಬಳ್ಳಿಯವರ ಕಡೆಯವರು ಅಂದುಕೊಂಡೆವು ಎಂದು ಮೈಸೂರಿನವರು, ಮೈಸೂರಿನವರ ನೆಂಟರು ಅಂದುಕೊಂಡೆವು ಎಂದು ಹುಬ್ಬಳ್ಳಿಯವರು. ಆಕೆ ಬಸ್ಸಿನಲ್ಲಿ ಬಂದಿರಲಿಲ್ಲ, ತೋಟದಲ್ಲೇ ಬಂದು ಸೇರಿದ್ದಳು. ಹೊರಾಂಗಣದ ಊಟದಲ್ಲಿ ಎಲ್ಲರಿಗೂ ಮೊಸರನ್ನ ಬಡಿಸಿದ್ದಳು. ಮಕ್ಕಳು ಆಂಟಿ ಎಂದವು, ದೊಡ್ಡವರು ಇನ್ನೊಂದು ಸೌಟು ಹಾಕಿ ಎಂದರು. ಬಡಿಸುವವಳ ಹೆಸರು ಕೇಳಿದರೆ ಏನು ತಿಳಿದುಕೊಳ್ಳುತ್ತಾಳೋ ಎಂಬ ಸಂಕೋಚ. ಗುಂಪಿನ ಫೋಟೋದಲ್ಲೂ ಆಕೆಯಿಲ್ಲ, ಏಕೆಂದರೆ ಸಂಘದ ಕಾರ್ಯದರ್ಶಿ ಜಯತೀರ್ಥ ಫೋಟೋ ತೆಗೆಯಲು ಫೋನು ಕೊಟ್ಟದ್ದೇ ಆಕೆಯ ಕೈಗೆ.

ಬೇರೇನಾದರೂ ನೆನಪಿದೆಯೇ ಎಂದು ಅಮರೇಶ್ವರ ಒಬ್ಬೊಬ್ಬರನ್ನೂ ಕೇಳಿದ. ಅರವತ್ತು ದಾಟಿದ ಪ್ರಭಾ ಮಾತ್ರ ಮುಖ ಗಂಟಿಕ್ಕಿಕೊಂಡೇ ಹೇಳಿದರು.

"ಚಿತ್ರಾನ್ನ ನಾನು ಮಾಡಿದ್ದು. ಅವಳು ಮಗು ಕೈಯಿಂದ ತಟ್ಟೆ ಕಿತ್ಕೊಂಡ್ಲು. ಒದ್ದೆ ಬಟ್ಟೇಲಿ ಕೈ ಒರೆಸಿ, ತನ್ನ ಡಬ್ಬೀಲಿದ್ದ ಮೊಸರನ್ನ ತಿನ್ನಿಸಿದ್ಲು. ನನ್ನ ಚಿತ್ರಾನ್ನಕ್ಕೆ ಏನಾಗಿತ್ತು ಅಂತ ಬೇಜಾರಾಯ್ತು."

"ಅದಕ್ಕೆ ಕಡಲೆಕಾಯಿ ಹಾಕಿದ್ರಾ?"

"ಕಡಲೆಕಾಯಿ ಇಲ್ದೆ ಚಿತ್ರಾನ್ನ ಮಾಡ್ತಾರಾ?"

ರಂಜನಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ಆ ತಟ್ಟೆಯನ್ನು ತನ್ವಿಯ ಕೈಗೆ ಕೊಟ್ಟವಳು ಅವಳೇ. ಫೋಟೋ, ಮಾತು, ಗಲಾಟೆಯಲ್ಲಿ ಮರೆತೇಹೋಗಿತ್ತು.

ಅಮರೇಶ್ವರ ತನ್ವಿಯ ತಾಯಿ ಅನುಶ್ರೀಗೆ ಫೋನ್ ಮಾಡಿದ. ಶನಿವಾರವೂ ಕೆಲಸವಿದ್ದವಳು, ಸುದ್ದಿ ತಿಳಿದು ಮಾರಿಸ್‌ಟೌನ್‌ನ ಆಫೀಸಿನಿಂದ ಆಗಲೇ ಹೊರಟು ಕಾರಿನಲ್ಲಿದ್ದಳು. ತಂದೆ ಆ ವಾರ ಡಲ್ಲಾಸ್‌ನಲ್ಲಿದ್ದ.

"ಕಡಲೆಕಾಯಿ ವಿಷಯ ಯಾರ್ಯಾರಿಗೆ ಗೊತ್ತು?"

"ಸ್ಕೂಲು, ಡಾಕ್ಟರ್, ರಂಜನಿ."

"ಇನ್ನಾರಿಗೆ? ಸೀರೆ ಉಡುವವರು, ನಲವತ್ತರ ಒಳಗಿನವರು."



"ಚನ್ನಬಸಮ್ಮ," ಎಂದಳು ಅನುಶ್ರೀ. "ಮೂರು ತಿಂಗಳ ಮಗುವಿನಿಂದ ಅವರೇ ನೋಡ್ಕೊಂಡಿದ್ದು. ಹೋದ ವರ್ಷ ಬಿಡಿಸಿದೆ, ರಂಜನಿ ಪಕ್ಕದ ಮನೆಗೆ ಬರೋಕೆ ಮೊದಲೇ. ತನ್ವಿ ಅವರನ್ನ ಅವ್ವ ಅಂತ ಕರೆಯೋಕೆ ಶುರು ಮಾಡಿದ್ಲು ಸರ್. ನಾನು ನಂಬರ್ ಬ್ಲಾಕ್ ಮಾಡಿದೆ."

ಉಳಿದದ್ದನ್ನು ಅಮರೇಶ್ವರ ಬೇರೆ ಕರೆಗಳಲ್ಲಿ ತಿಳಿದುಕೊಂಡ. ಸಂಘದ ಪ್ರವಾಸದ ವಿವರ, ಬರುವವರ ಹೆಸರು ಸಮೇತ, ವಾರದಿಂದ ವಾಟ್ಸಾಪ್‌ನಲ್ಲಿ ಓಡಾಡಿ ಚನ್ನಬಸಮ್ಮನಿಗೂ ತಲುಪಿತ್ತು. ಚನ್ನಬಸಮ್ಮನ ಗಂಡನಿಗೆ ಆಗಸ್ಟಿನಲ್ಲಿ ಕೆಲಸ ಹೋಗಿತ್ತು. ಕೆಲಸ ಹೋದವರು ದೇಶ ಬಿಡಲು ವೀಸಾ ಕೊಡುವ ಅರವತ್ತು ದಿನದ ಗಡುವು ಮುಗಿಯುತ್ತಿತ್ತು, ಸೋಮವಾರ ಇಬ್ಬರಿಗೂ ವಿಮಾನ. ಹೆಂಡತಿ ಬೆಳಿಗ್ಗೆ ರೈಲಿನಲ್ಲಿ ನ್ಯೂಯಾರ್ಕಿಗೆ ಹೋದಳು, ಫೋನು ಆಫ್ ಆಗಿದೆ ಎಂದು ಅವನೂ ಗಾಬರಿಯಲ್ಲಿದ್ದ. ವಿಮಾನ ಎಂದ ಕೂಡಲೇ ಠಾಣೆ ಎದ್ದು ಕೂತಿತು. ನಗರದ ಎರಡೂ ವಿಮಾನ ನಿಲ್ದಾಣಗಳಿಗೆ ಸುದ್ದಿ ಹೋಯಿತು. 2.25ಕ್ಕೆ ತೋಟದಲ್ಲಿದ್ದವರ ಫೋನುಗಳೆಲ್ಲ ಪೊಲೀಸರ ತುರ್ತು ಎಚ್ಚರಿಕೆ ಬಂದು ಒಟ್ಟಿಗೆ ಕಿರುಚಿದವು: ಮಗುವಿನ ಅಪಹರಣ, ಕೆಂಪು ಫ್ರಾಕು.

ಆಗಲೇ ಕಾವಲುಗಾರ ಲಿನ್‌ಳನ್ನು ಕೊಳದ ಮಂಟಪಕ್ಕೆ ಕರೆದ. ಬೆಂಚಿನ ಕೆಳಗೆ ಒಂದು ಬಟ್ಟೆಚೀಲ ಇತ್ತು. ಅಮೆರಿಕದ ಕಾಗದದಲ್ಲಿ ಪಂಚನಾಮೆ ಎಂಬ ಹೆಸರಿಲ್ಲ, ಕೆಲಸ ಮಾತ್ರ ಅದೇ. ಪ್ರಭಾ ಮತ್ತು ಕಾವಲುಗಾರನ ಎದುರಿನಲ್ಲಿ ಲಿನ್ ಒಂದೊಂದೇ ಹೊರತೆಗೆದು ಬರೆದುಕೊಂಡಳು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಅಕ್ಕಿ. ಕೊಬ್ಬರಿ ಬಟ್ಟಲು ಎರಡು. ಅರಿಶಿನದ ಕೊಂಬು, ಅಡಿಕೆ, ಉತ್ತತ್ತಿ. ಗುಳೇದಗುಡ್ಡದ ರವಿಕೆ ಖಣ ಒಂದು.

ಮಾಟಮಂತ್ರವೇನೋ ಎಂಬ ಅನುಮಾನ ಲಿನ್‌ಳ ಮುಖದಲ್ಲಿ ಕಾಣುತ್ತಿತ್ತು. ಅಮರೇಶ್ವರನ ಕಣ್ಣ ಮುಂದೆ ಬಂದದ್ದು ಅವನ ಅಕ್ಕ ಗಂಡನ ಮನೆಗೆ ಹೊರಟ ದಿನ. ಅಮ್ಮ ಅವಳ ಕೈಗೆ ಹಸಿರು ಬಳೆ ತೊಡಿಸಿ, ಸೆರಗಿನಲ್ಲಿ ಇವನ್ನೇ ಹಾಕಿ ಉಡಿ ತುಂಬಿದ್ದಳು. ಅಗಲುವ ಮಗಳನ್ನು ಬರಿ ಸೆರಗಿನಲ್ಲಿ ಕಳಿಸಬಾರದೆಂದು.

"ಇದರಲ್ಲಿ ಬಳೆ ಇಲ್ಲ," ಎಂದ.

ಮಿಕ್ಕದ್ದು ತಾನಾಗಿ ಬಿಡಿಸಿಕೊಂಡಿತು. ಬಳೆ ಕೊಳ್ಳಲು ಕೈಯಳತೆ ಬೇಕು, ಕೈ ಬೇಕೆಂದರೆ ಮಗು ಬೇಕು. ಚೀಲ ಇಲ್ಲೇ ಇದೆ, ಅಂದರೆ ಆಕೆ ವಾಪಸು ಬರುತ್ತಾಳೆ. ಬರಬೇಕು, ಎಂದು ಅವನು ತಿದ್ದಿಕೊಂಡ. ನ್ಯೂಜೆರ್ಸಿಯವರಿಗೂ ಗೊತ್ತಿರುವ ಬಳೆಯಂಗಡಿಗಳು ಇರುವುದು ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂನಲ್ಲಿ. ಒಂದೊಂದಕ್ಕೂ ಫೋನ್ ಮಾಡಿದ. ಮೂರನೆಯ ಅಂಗಡಿಯ ರೇಣು, ಹೌದು, ಸಾಸಿವೆ ಬಣ್ಣದ ಸೀರೆ, ಕೆಂಪು ಫ್ರಾಕು, ಈಗ ಹತ್ತು ನಿಮಿಷದ ಕೆಳಗೆ ಟ್ಯಾಕ್ಸಿ ಹತ್ತಿದರು ಎಂದಳು. ಮಗು ಹೇಗಿತ್ತು ಎಂದು ಕೇಳಿದ. ಕೌಂಟರಿನ ಮೇಲಿದ್ದ ಚಿಕ್ಕಿ ಕೊಡಲು ಹೋದೆ, ಆ ಹೆಂಗಸು ನನ್ನ ಕೈಯನ್ನೇ ತಳ್ಳಿಬಿಟ್ಟಳು ಎಂದು ರೇಣು ದೂರಿದಳು. ಅಮರೇಶ್ವರನಿಗೆ ಆಗ ಮೊದಲ ಬಾರಿ ಸರಿಯಾಗಿ ಉಸಿರು ಬಂತು.

ಟ್ಯಾಕ್ಸಿ ಬರಲು ಇಪ್ಪತ್ತು ನಿಮಿಷ ಸಾಕು. 2.50 ಆಯಿತು, ಬರಲಿಲ್ಲ. 2.58. ರಂಜನಿ ಔಷಧದ ಪೆನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಡುವೆ ದಿಕ್ಕು ಬದಲಿಸಿ ವಿಮಾನ ನಿಲ್ದಾಣಕ್ಕೆ ಹೋಗಿದ್ದರೆ? ಚೀಲವನ್ನು ನಂಬಿ ಕೂತದ್ದು ತಪ್ಪಾಯಿತೇ ಎಂದುಕೊಳ್ಳುತ್ತಾ ಅಮರೇಶ್ವರ ರಸ್ತೆಗಿಳಿದ.

3.04ಕ್ಕೆ ಹಳದಿ ಟ್ಯಾಕ್ಸಿ ನಿಂತಿತು. ಚನ್ನಬಸಮ್ಮ ಮೊದಲು ಇಳಿದು ಮಗುವನ್ನು ಇಳಿಸಿಕೊಂಡಳು, ಆಮೇಲೆ ಪೊಲೀಸರನ್ನು ಕಂಡಳು. ಓಡಲಿಲ್ಲ. ತನ್ವಿ ಎರಡೂ ಕೈ ಎತ್ತಿ ತೋರಿಸಿದಳು, ಹಸಿರು ಗಾಜಿನ ಬಳೆ. "ಲುಕ್, ದೇ ಮೇಕ್ ಸೌಂಡ್," ಎಂದಳು.

ಚನ್ನಬಸಮ್ಮನ ಪರ್ಸಿನಲ್ಲಿ ಇನ್ನೊಂದು ಔಷಧದ ಪೆನ್ನು ಸಿಕ್ಕಿತು. ಮೇಲೆ ತನ್ವಿಯ ಹೆಸರು, ಅವಧಿ ಮುಗಿದು ಏಳು ತಿಂಗಳು. ಕೆಲಸ ಬಿಡಿಸಿದ ದಿನ ಆಕೆ ಕೊಡುವುದನ್ನೂ ಅನುಶ್ರೀ ಕೇಳುವುದನ್ನೂ ಮರೆತಿದ್ದರು.

"ಹೇಳಿ ಕರ್ಕೊಂಡು ಹೋಗಬೇಕಿತ್ತಲ್ಲರೀ," ಎಂದ ಅಮರೇಶ್ವರ.

"ಕೇಳಿದ್ರ ಕಳಸ್ತಿದ್ರೇನ್ರಿ, ಸಾಹೇಬ್ರ?" ಆಕೆ ಅಳುತ್ತಿರಲಿಲ್ಲ. "ಒಂದು ತಾಸಿನ ಕೆಲಸ ಅಂದ್ಕೊಂಡಿದ್ದೆ. ಹೋಗಾಕಿ ನಾನ ಇರಬಹುದು, ಆದ್ರ ಉಡಿ ತುಂಬಬೇಕಾಗಿದ್ದು ಮಗಳಿಗಲ್ಲೇನ್ರಿ. ಹತ್ತು ನಿಮಿಷ ಕೊಡ್ರಿ. ತುಂಬಿ ಬರ್ತೀನಿ."

ಅವನು ಕೊಡಲಿಲ್ಲ. ಕೊಡುವಂತಿರಲಿಲ್ಲ, ಚೀಲ ಆಗಲೇ ಸಾಕ್ಷ್ಯವಾಗಿತ್ತು. 3.11ಕ್ಕೆ ಚನ್ನಬಸಮ್ಮನನ್ನು ಬಂಧಿಸಿದರು. ಲಿನ್ ಕೈಕೋಳ ಹಾಕುವಾಗ ಮಗು ನೋಡದಂತೆ ಅಡ್ಡ ನಿಂತಳು. ಸೋಮವಾರದ ವಿಮಾನ ಇನ್ನು ಆಕೆಯನ್ನು ಬಿಟ್ಟೇ ಹೋಗುವುದು.

ಅನುಶ್ರೀ ಬಂದದ್ದು ಅದೇ ಹೊತ್ತಿಗೆ. ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿ ಬಂದು ಮಗಳನ್ನು ಅವುಚಿಕೊಂಡಳು, ಮುಖ ಮೂಸಿದಳು, ತುಟಿ ನೋಡಿದಳು, ನಾಲಿಗೆ ತೆಗೆಸಿ ನೋಡಿದಳು. ಆಮೇಲೆ ಬಳೆ ಕಂಡವು. ಮಗುವಿನ ಕೈ ಹಿಡಿದು ಅವನ್ನು ಎಳೆಯತೊಡಗಿದಳು. ಬರಲಿಲ್ಲ, ಅಳತೆ ಅಷ್ಟು ಸರಿಯಾಗಿತ್ತು. ತನ್ವಿ ಅಳಲು ಶುರುಮಾಡಿದಳು.

ಪೊಲೀಸ್ ಕಾರಿನ ತೆರೆದ ಬಾಗಿಲಿನಿಂದ ಚನ್ನಬಸಮ್ಮ ಕೂಗಿ ಹೇಳಿದಳು. "ಜಗ್ಗಬ್ಯಾಡ್ರಿ ಅಕ್ಕಾರ. ಒಡದ್ರ ಚುಚ್ಚತಾವು. ಮನಿಗೆ ಹೋಗಿ ಸಬಕಾರದ ನೊರಿ ಹಚ್ಚಿ ತಗೀರಿ."

ಅನುಶ್ರೀಯ ಕೈ ನಿಂತಿತು. ಮಗಳ ಮುಂಗೈ ಕೆಂಪಾಗಿತ್ತು. ಅವಳು ಅದನ್ನು ಮೆಲ್ಲಗೆ ಉಜ್ಜಿದಳು, ಕಾರಿನ ಕಡೆ ತಿರುಗಿ ನೋಡಲಿಲ್ಲ.

ಲಿನ್ ಪಟ್ಟಿ ಹಿಡಿದು ಬಂದು, ಬಳೆಯೂ ಸಾಕ್ಷ್ಯವೇ, ಬೇಕಾಗುತ್ತದೆ ಎಂದು ಅಮರೇಶ್ವರನಿಗೆ ಹೇಳಿದಳು. ಅವನು ತಾಯಿಯನ್ನು ಕೇಳಿದ.

"ಕೈಲೇ ಇರ್ಲಿ," ಎಂದಳು ಅನುಶ್ರೀ.

ಸಂಜೆ 6.40ಕ್ಕೆ ಅವನು ವರದಿಗೆ ಸಹಿ ಹಾಕಿದ. ಉದ್ದೇಶ ಎಂಬಲ್ಲಿ, ಆರೋಪಿ ತಾನು ಸಾಕಿದ ಮಗುವನ್ನು ದೇಶ ಬಿಡುವ ಮೊದಲು ಬೀಳ್ಕೊಡಲು ಬಯಸಿದ್ದಳು ಎಂದು ಬರೆದಿದ್ದ. ಅದರ ಕೆಳಗೆ ವಸ್ತುಗಳ ಪಟ್ಟಿ. ಕೊನೆಯ ಸಾಲು ಹೀಗಿತ್ತು: ಗಾಜಿನ ಬಳೆ, ಹಸಿರು, ಹನ್ನೆರಡು. ಮಗುವಿನ ಕೈಯಲ್ಲಿವೆ. ವಶಪಡಿಸಿಕೊಂಡಿಲ್ಲ.