ಎಡಕ್ಕೆ ಬಿದ್ದ ಸೇವಂತಿಗೆ

ರೊಟ್ಟಿ ಬಡಿಯುತ್ತಿದ್ದೆ. ಮಗಳು ಗೀತಾಂಜಲಿ ಒಳಗೆ ಬಂದವಳೇ ರುಬ್ಬುಗುಂಡು ಎತ್ತಿಕೊಂಡು ಅಂಗಳಕ್ಕೆ ನಡೆದಳು. ಹಿಟ್ಟಿನ ಕೈಯಲ್ಲೇ ಹಿಂದೆ ಹೋದೆ.

ಗುಂಡನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಗೆ ಒದ್ದೆ ಸೇವಂತಿಗೆ ಅಂಟಿಸಿದಳು. ಹೂವು ಜಾರಿ ಬಿತ್ತು. ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆದಳು. ಮತ್ತೆ ಅಂಟಿಸಿದಳು.

ನನಗೆ ಅರ್ಥವಾಯಿತು. ಹೋದ ಸೋಮವಾರ ಅತ್ತೆ ಶಂಕ್ರೆವ್ವ ಗುಡಿಯಲ್ಲಿ ದೇವರ ಕಲ್ಲಿಗೆ ಹೂವು ಅಂಟಿಸಿ ಪ್ರಸಾದ ಕೇಳಿದ್ದರು. ಮಗ ತೀರಿ ಆರು ವರ್ಷವಾಯಿತು, ಸೊಸೆ ಬಬಲೇಶ್ವರದ ಚಂದ್ರಕಾಂತನನ್ನು ಲಗ್ನವಾಗಬಹುದೇ ಎಂದು. ಬಲಕ್ಕೆ ಬಿದ್ದರೆ ಹೌದು. ಹೂವು ಎಡಕ್ಕೆ ಬಿತ್ತು.

ಚಂದ್ರಕಾಂತ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಮಷಿನ್ ರಿಪೇರಿ ಮಾಡುವವರು. ನಾನು ಅಲ್ಲೇ ದ್ರಾಕ್ಷಿ ಆರಿಸುತ್ತೇನೆ. ಕೆಡದ ಮಷಿನ್ನನ್ನೂ ಬಿಚ್ಚಿಕೊಂಡು ನನ್ನ ಕಡೆ ಮುಖ ಮಾಡಿ ಕೂಡುತ್ತಿದ್ದರು. ನಾನು ನೋಡಿದರೆ ಬೋಲ್ಟು ತಿರುವುವ ಪಾನಾ ಕೈಯಿಂದ ಜಾರುತ್ತಿತ್ತು.

ಅಷ್ಟರಲ್ಲಿ ಅವರೇ ಬಂದರು, ನಾನು ದಿನಾ ಅವರಿಗೆ ಒಯ್ಯುತ್ತಿದ್ದ ಊಟದ ಡಬ್ಬಿ ಮರಳಿಸಲು. ಹೂವಿನ ಸುದ್ದಿ ಕೇಳಿದೆ, ಇನ್ನು ತರುವುದು ಬೇಡ ಎಂದು ನೆಲ ನೋಡುತ್ತ ಹೇಳಿದರು. ಗೀತಾ ಅವರ ಕೈಗೆ ಸೀಮೆಸುಣ್ಣ ಕೊಟ್ಟಳು.

"ಕುಂದರ್ರಿ ಕಾಕಾ. ಗೆರಿ ನೀವು ಹಾಕ್ರಿ."

ಕುಳಿತರು. ಒಂದೊಂದು ಗೆರೆ ಎಳೆದಾಗಲೂ ತಲೆ ಎತ್ತಿ ನನ್ನನ್ನು ನೋಡಿದರು. ಒಳಗೆ ರೊಟ್ಟಿ ಸೀದ ವಾಸನೆ ಬಂತು. ನಾನು ಕದಲಲಿಲ್ಲ, ಕಣ್ಣೂ ತಗ್ಗಿಸಲಿಲ್ಲ.

ನೂರು ಸಲಕ್ಕೆ ಐವತ್ತೆರಡು ಎಡಕ್ಕೆ. ಆದರೆ ಗುಡಿಯ ಕಲ್ಲು ಎಡಕ್ಕೆ ತುಸು ವಾಲಿದೆ. ಹಾಗಾಗಿ ಗೀತಾ ಗುಂಡಿನ ಬಲಗಡೆ ಅಡಿಗೆ ಹೆಂಚಿನ ಚೂರು ಕೊಟ್ಟು, ಅಷ್ಟೇ ವಾಲಿಸಿ, ಮತ್ತೆ ನೂರು ಸಲ ಮಾಡಿದಳು. ಎಂಬತ್ತೊಂದು ಎಡಕ್ಕೆ.

ಅತ್ತೆ ಹೊರಬಂದು, ದೇವರನ್ನೇ ಪರೀಕ್ಷೆ ಮಾಡುತ್ತೀಯಾ ಎಂದು ಗದರಿದರು.

"ದೇವರನ್ನಲ್ಲ ಆಯಿ, ಕಲ್ಲನ್ನ. ಯಾರ ಲಗ್ನ ಕೇಳಿದ್ರೂ ಹತ್ತರಾಗ ಎಂಟು ಸಲ ಅದು ಬ್ಯಾಡ ಅಂತೈತಿ."

ಅತ್ತೆ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ, ಕಾಖಂಡಕಿಯ ಗುಡಿಯಲ್ಲಿ ಕಲ್ಲು ನೆಟ್ಟಗಿದೆ, ಅಲ್ಲಿ ಕೇಳೋಣ ಎಂದರು.

"ನೆಟ್ಟಗಿದ್ರ ಅರ್ಧಕ್ಕ ಅರ್ಧ ಆಯಿ. ನಾಣ್ಯ ಹಾರಿಸಿದಂಗ."

ಗೀತಾ ಹೂವನ್ನು ಕೆಳಗಿಟ್ಟಳು. ಸೋಮವಾರದಿಂದ ಅವಳ ತುಟಿಯವರೆಗೆ ಬಂದು ಬಂದು ನಿಲ್ಲುತ್ತಿದ್ದ ಮಾತೊಂದಿತ್ತು. ಎಲ್ಲರ ಎದುರಿಗೇ ನನ್ನತ್ತ ತಿರುಗಿದಳು.

"ಅವ್ವಾ, ಎಲ್ಲಾರೂ ಹೂವನ್ನ ಕೇಳ್ಯಾರ. ನಿನ್ನ ಯಾರೂ ಕೇಳಿಲ್ಲ. ನಿನಗ ಇವರು ಬೇಕೇನು?"