ಹನ್ನೆರಡನೆಯ ಬಾಗಿಲ ಮುಖ

ಒಂದನೇ ನಂಬರಿನ ಬಾಗಿಲ ಕಮಾನಿನ ನೆತ್ತಿಯಲ್ಲಿ ಕೂತ ಕಲ್ಲಿನ ಹೆಣ್ಣು ಇಡೀ ಬೀದಿಗೆ ಮೂಗು ಮುರಿಯುತ್ತಿದ್ದಳು. ಥರ್ಜಾ ಕೂಂಬ್ಸ್ ಕೊಡೆ ಮಡಚಿ ಇನ್ನೊಮ್ಮೆ ನೋಡಿದಳು. ಆಕಾಶ ನೋಡುವ ಮೂಗು, ಬಿಗಿಹಿಡಿದ ತುಟಿ, ಗಲ್ಲದ ಎಡಕ್ಕೊಂದು ಮಚ್ಚೆ. ಅನುಮಾನವೇ ಇಲ್ಲ, ಅದು ತಾನೇ!

ಹಿಂದೆ ಇಬ್ಬರು ಗಾರೆಯವರು ಕಿಸಕ್ಕೆಂದರು.

ಬ್ರಿಸ್ಟಲ್‌ನ ಗುಡ್ಡದ ಮೇಲೆ ಅವಳಪ್ಪ ಕಟ್ಟಿಸುತ್ತಿದ್ದ ಹನ್ನೆರಡು ಸಾಲುಮನೆಗಳು ಅವು. ಗೋಡೆಗೆ ಗೋಡೆ ಅಂಟಿಕೊಂಡು, ಬಾಗಿಲುಗಳು ಜೋಡಿ ಜೋಡಿಯಾಗಿ ನಿಂತಿದ್ದವು. ಪ್ರತಿ ಬಾಗಿಲ ಮೇಲೂ ಒಬ್ಬೊಬ್ಬ ದೇವತೆಯ ಮುಖ ಇರಬೇಕೆಂದು ಅಪ್ಪನ ಆಸೆ. ಥರ್ಜಾ ಬೇಸಿಗೆಯೆಲ್ಲ ಸೋದರತ್ತೆಯ ಊರಲ್ಲಿ ಕಳೆದು ನಿನ್ನೆಯಷ್ಟೇ ಮರಳಿದ್ದಳು. ಇವತ್ತು ಬೆಳಿಗ್ಗೆ ಮೊದಲ ಬಾಗಿಲಿಗೆ ಮುಚ್ಚಿದ್ದ ಗೋಣಿತಾಟು ಬಿಚ್ಚಿದ್ದರು.

ಇದು ಯಾರ ಕೈವಾಡವೆಂದು ಕೇಳಬೇಕಿರಲಿಲ್ಲ. ಲಂಗ ಎತ್ತಿಹಿಡಿದು ಏಣಿ ಹತ್ತಿಯೇಬಿಟ್ಟಳು.

"ಈನಕ್ ವೀಲ್! ಏನಿದು?"

ಶಿಲ್ಪಿ, ಹನ್ನೆರಡೂ ಬಾಗಿಲುಗಳ ಉದ್ದಕ್ಕೆ ಕಟ್ಟಿದ್ದ ಅಟ್ಟಣಿಗೆಯ ಹಲಗೆಯ ಮೇಲೆ ಕಾಲಾಡಿಸುತ್ತ ಬ್ರೆಡ್ಡು, ಚೀಸು ತಿನ್ನುತ್ತಿದ್ದ. ರೆಪ್ಪೆಯ ಮೇಲೂ ಕಲ್ಲಿನ ಪುಡಿ. ಆ ರೆಪ್ಪೆ ಕಂಡು ಎದೆ ಢವಗುಟ್ಟಿದ್ದಕ್ಕೆ ಅವಳ ಸಿಟ್ಟು ಇನ್ನೂ ನೆತ್ತಿಗೇರಿತು.

"ದೇವತೆ, ಮಿಸ್."

"ಯಾವ ದೇವತೆ?"

"ಜಂಬದ ದೇವತೆ."

"ಶನಿವಾರ ಅಪ್ಪ ನೋಡೋಕೆ ಬರ್ತಾರೆ. ನಿನ್ನ ಗಂಟುಮೂಟೆ ಕಟ್ಟಿಸಿ ಊರು ಬಿಡಿಸ್ಲಿಲ್ಲ ಅಂದ್ರೆ ಕೇಳು!"

"ಬಿಡ್ಸಿ. ಈ ಮುಖ ಮಾತ್ರ ಇಲ್ಲೇ ಇರುತ್ತೆ. ಅವತ್ತು ನಾನು ಕುಣಿಯೋಕೆ ಬನ್ನಿ ಅಂದ್ರೆ, ಮೊದ್ಲು ಮುಖ ತೊಳ್ಕೊಂಡ್ ಬಾ ಅಂದ್ರಿ. ತೊಳ್ಕೊಂಡ್ ಬಂದ್ರೆ ಇಂಜಿನಿಯರ್ ಸಾಹೇಬರ ತೋಳಲ್ಲಿ ಇದ್ರಿ. ಎಲ್ಲಾ ನಕ್ರು."

ಹೋದ ವರ್ಷದ ಸುಗ್ಗಿಯೂಟದ ರಾತ್ರಿ! ಥರ್ಜಾಳ ಕಣ್ಣು ಉರಿಯಿತು. "ಮೂರು ಕುಣಿತ ಮುಗಿಯೋವರೆಗೂ ಬಾಗಿಲು ನೋಡ್ತಾ ಕಾದೆ! ಎಲ್ಲಿ ಸತ್ತಿದ್ದೆ?"

ಅವನ ಬಾಯಿಗೆ ಹೋಗುತ್ತಿದ್ದ ಬ್ರೆಡ್ಡು ನಿಂತಿತು. "ಸೋಪು ಸಿಗ್ಲಿಲ್ಲ. ಮರಳು ಹಾಕ್ಕೊಂಡು ಉಜ್ದೆ... ಕೆನ್ನೆ ಸುಲಿದೋಯ್ತು."

ಇನ್ನೊಂದು ಕ್ಷಣ ನಿಂತರೆ ನಗು ಬಂದುಬಿಡುತ್ತಿತ್ತು. ನಗಬಾರದೆಂದೇ ಅವಳು ಅವನ ಕೊಡತಿ ಕಿತ್ತುಕೊಂಡಳು. ಅವನು ಕೆತ್ತಿದ ಒಂದೊಂದು ಮೂಗನ್ನೂ ಒಡೆದು ಪುಡಿ ಮಾಡಿಯೇ ಕೆಳಗಿಳಿಯುವುದು! ಕೊನೆಯ ಮನೆಯಿಂದಲೇ ಶುರುಮಾಡೋಣವೆಂದು ಹಲಗೆಯುದ್ದಕ್ಕೂ ಗೋಣಿತಾಟು ಸರಿಸುತ್ತ ದಡದಡ ನಡೆದಳು.

ಎರಡನೇ ಬಾಗಿಲಲ್ಲೂ ಅದೇ ಮೂಗು. ಮೂರನೆಯದರಲ್ಲೂ ಅದೇ. ನಾಲ್ಕನೆಯದರಲ್ಲಿ ಮೂಗು ಸ್ವಲ್ಪ ಕೆಳಗಿಳಿದಿತ್ತು. ಆರನೆಯದರಲ್ಲಿ ತುಟಿ ಸಡಿಲವಾಗಿತ್ತು. ಒಂಬತ್ತನೆಯವಳು ಯಾರನ್ನೋ ಕಾಯುತ್ತಿದ್ದಳು. ಹನ್ನೊಂದನೆಯ ಬಾಗಿಲ ಮೇಲೆ, ಮುಖ ತೊಳ್ಕೊಂಡ್ ಬಾ ಎಂದು ತುಂಟತನದಿಂದ ಕಣ್ಣು ಮಿಟುಕಿಸಿದ ಆ ರಾತ್ರಿಯ ಥರ್ಜಾ ನಗುತ್ತಿದ್ದಳು. ಮಚ್ಚೆಯನ್ನು ಅವನು ಎಷ್ಟು ಮೆತ್ತಗೆ ಕೆತ್ತಿದ್ದನೆಂದರೆ ಅವಳ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಹನ್ನೆರಡನೆಯ ಕಲ್ಲು ಬೋಳಾಗಿತ್ತು.

"ನನ್ನ ಸಿಟ್ಟು ಮೂರೇ ಬಾಗಿಲಿಗೆ ಮುಗಿದೋಯ್ತು, ಮಿಸ್," ಎಂದ ಅವನು ಹಿಂದಿನಿಂದ. "ಆಮೇಲೆ ಏನ್ ಕೆತ್ತಿದ್ರೂ ನೀವೇ ಬರ್ತಿದ್ರಿ. ಕೊನೇದು ಹಂಗೇ ಬಿಟ್ಟೆ. ನಿಮ್ಮನ್ನ ಮರೆಯೋಕೆ ಒಂದ್ ಕಲ್ಲಾದ್ರೂ ಬೇಕಲ್ಲ."

ಅವಳಿಗೆ ಅಳು ಬಂತು. ಆದರೆ ಅಷ್ಟಕ್ಕೆಲ್ಲ ಸೇಡು ಬಿಟ್ಟುಕೊಡುವ ಜಾಯಮಾನ ಅವಳದಲ್ಲ.

"ಇನ್ನು ನೂರು ವರ್ಷ ನಾನು ಮಳೇಲಿ ನಿಲ್ಲೋ ಹಾಗೆ ಮಾಡಿದೀಯ. ನೀನು ಮಾತ್ರ ಬೆಚ್ಚಗಿರ್ತೀಯಾ? ಆ ಕಲ್ಲಲ್ಲಿ ನಿನ್ನ ಮುಖ ಕೆತ್ತು. ನಾನು ಕೆಳಗೆ ಕೂತು ಹೇಳಿದ ಹಾಗೆ."

ನಾಲ್ಕು ದಿನ ಅವಳು ರಸ್ತೆಯಾಚೆ ಸ್ಟೂಲು ಹಾಕಿಕೊಂಡು ಕೂತಳು. "ಕಿವಿ ಇನ್ನೂ ಅಗಲ! ಅಷ್ಟು ಚೆಂದ ಇಲ್ಲ ನೀನು! ಪಾರಿವಾಳ ಕೂರೋಕೆ ಮೂಗಿನ ಮೇಲೆ ಜಾಗ ಬಿಡು!" ಅವಳು ಹೇಳಿದಷ್ಟನ್ನೂ ಅವನು ಕೆತ್ತಿದ. ಅವಳು ನಗುವಾಗೆಲ್ಲ ಉಳಿ ಜಾರುತ್ತಿತ್ತು.

ಶನಿವಾರ ಅಪ್ಪ ಬಂದರು. ಹನ್ನೊಂದು ಮುಖಗಳನ್ನೂ ನೋಡಿದರು, ಮಗಳನ್ನು ನೋಡಿದರು, ಮುಖ ಕೆಂಪಾಯಿತು. "ಈ ಕತ್ತೆಯನ್ನ ಈಗ್ಲೇ ಕೆಲಸದಿಂದ ತೆಗೀತೀನಿ!"

"ಬೇಡ ಅಪ್ಪಾ. ಅಷ್ಟು ಸುಲಭವಾಗಿ ಇವನನ್ನ ಬಿಡಲ್ಲ ನಾನು." ಥರ್ಜಾ ಕರವಸ್ತ್ರವನ್ನು ಬಕೆಟ್ಟಿನ ನೀರಲ್ಲಿ ಅದ್ದಿ, ಎಲ್ಲರೆದುರೇ ಈನಕ್‌ನ ಕೆನ್ನೆ ಒರೆಸತೊಡಗಿದಳು. ಅವನು ಉಸಿರು ಬಿಗಿಹಿಡಿದು ನಿಂತ.

ಅಪ್ಪ ಕೊನೆಯ ಬಾಗಿಲತ್ತ ಕೋಲು ತೋರಿಸಿ ಗುಡುಗಿದರು: "ಮತ್ತೆ ನಿನ್ನ ಪಕ್ಕದಲ್ಲಿರೋ ಆ ಅಗಲ ಕಿವಿಯವನು ಯಾರು?"

"ನಿಮ್ಮ ಅಳಿಯ," ಎಂದಳು ಥರ್ಜಾ.