ಕೊರಿಂಥದ ರಾಣಿಗೆ ಚಳಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಲಾಕ್‌ಡೌನ್ ಕಾಲದಲ್ಲಿ ಯುಟ್ರೆಕ್ಟ್‌ನ ನಮ್ಮ ಮನೆಯಿಂದ ನನ್ನ ಗಂಡ ಸುಶಾಂತ್ ಕನ್ನಡದ ಮಕ್ಕಳಿಗೆ ಆನ್‌ಲೈನಿನಲ್ಲಿ ಕಥೆ ಹೇಳುತ್ತಿದ್ದರು. ಒಂದು ಭಾನುವಾರ ಗ್ರೀಸಿನ ಕೊರಿಂಥವನ್ನು ಆಳಿದ ಪೆರಿಯಾಂಡರನ ಕಥೆ. ತನ್ನ ಬಟ್ಟೆಗಳನ್ನು ಸುಡದೆ ತನ್ನೊಡನೆ ಹೂತದ್ದರಿಂದ ಉಡಲು ಏನೂ ಇಲ್ಲ, ಚಳಿ ಎಂದು ಅವನ ಸತ್ತ ಹೆಂಡತಿ ಹೇಳಿಕಳಿಸಿದಳಂತೆ. ಅವನು ಊರ ಹೆಂಗಸರ ಬಟ್ಟೆಯನ್ನೆಲ್ಲ ಕಸಿದು ಅವಳಿಗಾಗಿ ಸುಟ್ಟನಂತೆ. ಹೇಳುತ್ತ ಸುಶಾಂತ್ ಕಣ್ಣೊರೆಸಿಕೊಂಡರು.

ನನ್ನ ಹೊಟ್ಟೆ ಉರಿಯಿತು. ನಾನು ಅವರ ಎರಡನೆಯ ಹೆಂಡತಿ. ತೀರಿಹೋದ ಮೊದಲ ಹೆಂಡತಿ ಪ್ರಜ್ಞಾಳ ಹಸಿರು ರೇಷ್ಮೆ ಸೀರೆ ಇನ್ನೂ ನಮ್ಮ ಕಪಾಟಿನಲ್ಲಿತ್ತು. ಮರುದಿನ ಅವರು ಮಾಸ್ಕ್ ಹಾಕಿಕೊಂಡು ಅಂಗಡಿಗೆ ಹೋದದ್ದೇ ತಡ, ಹಿತ್ತಲಲ್ಲಿ ಅದಕ್ಕೆ ಬೆಂಕಿ ಇಟ್ಟೆ. ಸುಟ್ಟದ್ದು ಯಾರಿಗೆ ಮುಟ್ಟುತ್ತದೆ ಎಂಬುದು ಆ ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ.

ಅಂದಿನಿಂದ ಚಳಿ ನನಗೆ. ಹೀಟರ್ ಮುಟ್ಟಿದರೆ ಕೈ ಸುಡುತ್ತಿತ್ತು, ಆದರೂ ಎರಡು ಸ್ವೆಟರ್ ಸಾಲುತ್ತಿರಲಿಲ್ಲ.

ಮುಂದಿನ ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ಕಂಡದ್ದು ಸುಶಾಂತ್ ಬೆನ್ನು, ಖಾಲಿ ಕೋಣೆ, ಅಷ್ಟೆ. ಪರದೆಯಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ನಿಮ್ ಹಿಂದೆ ಗ್ರೀನ್ ಸ್ಯಾರಿ ಉಟ್ಕೊಂಡು ನಿಂತಿರೋದ್ ಯಾರು?"

ಅವರು ತಿರುಗಿಯೂ ನೋಡಲಿಲ್ಲ.

"ನನ್ ಹೆಂಡ್ತಿ, ಪುಟ್ಟಾ."